ಗಲಗಲಿ ಮಾಸ್ತರರ ಶನಿ

ಗಲಗಲಿ ಮಾಸ್ತರರ ಕೋಟಿನ ಎಡಗಿಸೆಯಲ್ಲಿ ಯಾವಾಗಲೂ ಭೂಮಿ ಇರುತ್ತಿತ್ತು. ಅದೊಂದು ಕಿತ್ತಳೆ ಹಣ್ಣು. ಖಗೋಳದ ಪಾಠ ಬಂದಾಗ ಅದಕ್ಕೆ ಕಡ್ಡಿ ಚುಚ್ಚಿ, ಗಿರಗಿರ ತಿರುಗಿಸಿ, ಹಗಲು ರಾತ್ರಿ ಮಾಡಿ ತೋರಿಸಿ, ಗಂಟೆ ಬಾರಿಸಿದ ಕೂಡಲೇ ಸುಲಿದು ತಿಂದುಬಿಡುತ್ತಿದ್ದರು. "ಇವತ್ತಿನ ಭೂಮಿ ಭಾಳ ಹುಳಿ ಅದ," ಎಂದು ಮುಖ ಕಿವುಚುವರು.

ಪುಣೆಯ ಸದಾಶಿವ ಪೇಟೆಯ ಹೆಣ್ಣುಮಕ್ಕಳ ಶಾಲೆ ನಮ್ಮದು, ಪಾಠವೆಲ್ಲ ಮರಾಠಿಯಲ್ಲಿ. ಧಾರವಾಡದ ಮಾಸ್ತರರಿಗೆ ಮರಾಠಿಯ ಲಿಂಗಗಳು ಕೊನೆಯವರೆಗೂ ಒಲಿಯಲಿಲ್ಲ. ಚಂದ್ರ 'ಆಲೀ', ಅಂದರೆ ಬಂದಳು, ಎಂದು ಅವನನ್ನು ಹೆಣ್ಣು ಮಾಡುವರು. ಪೃಥ್ವಿ 'ಆಲಾ', ಬಂದ, ಎಂದು ಅವಳನ್ನು ಗಂಡು ಮಾಡುವರು. ತರಗತಿ ಬಿದ್ದು ಬಿದ್ದು ನಗುತ್ತಿತ್ತು. ಆಗ ಇದ್ದೊಬ್ಬ ಕನ್ನಡದ ಹುಡುಗಿಯಾದ ನನ್ನ ಕಡೆ ತಿರುಗಿ, "ಆಕಾಶದಾಗ ಗಂಡು ಹೆಣ್ಣು ಭೇದ ಇಲ್ಲಂತ ಹೇಳವಾ ಇವರಿಗೆ," ಎನ್ನುವರು. ಪರೀಕ್ಷೆಗೆ ಬಾರದ ಈ ನಕ್ಷತ್ರಗಳೆಲ್ಲ ಯಾಕೆಂದು ಯಾರಾದರೂ ಕೇಳಿದರೆ ಅವರದು ಒಂದೇ ಉತ್ತರ: "ಮುಂದ ಒಲಿ ಮುಂದ ತಲಿ ಬಗ್ಗಸೋದು ಇದ್ದದ್ದ. ಈಗರ ಒಂದಿಷ್ಟು ತಲಿ ಎತ್ತಲಿ ಬಿಡ್ರಿ."

ಒಮ್ಮೆ ಶಾಲೆಯ ಅಂಗಳದಲ್ಲಿ ಸೌರಮಂಡಲ ಹೂಡಿದರು. ನಾನು ಎಲ್ಲದಕ್ಕೂ ನಿಧಾನ. ಹೀಗಾಗಿ ತಳ ಕಿತ್ತುಹೋದ ಜರಡಿಯೊಂದನ್ನು ಉಂಗುರವೆಂದು ಸೊಂಟಕ್ಕೇರಿಸಿ ನನ್ನನ್ನು ಶನಿ ಮಾಡಿದರು. ಮನೆಗೆ ಹೋಗಿ ಹೆಮ್ಮೆಯಿಂದ ಹೇಳಿದೆ. ಮರುದಿನವೇ ಅಜ್ಜಿ ಶಾಲೆಗೆ ಬಂದಳು.

"ಏನ್ರಿ ಮಾಸ್ತರ, ನಮ್ಮ ಕೂಸಿನ್ನ ಶನಿ ಮಾಡೀರಂತ? ನಾಳೆ ಇಕೀನ್ನ ಯಾರು ಮನಿ ತುಂಬಿಸ್ಕೋತಾರ? ಸಾಕು ನಿಮ್ಮ ಸಾಲಿ!"

ನನಗೆ ಅಳುವೇ ಬಂತು. ಶಾಲೆ ಬಿಟ್ಟರೆ ಮುಂದಿನದು ಮದುವೆಯೇ.

"ಬಿಡಸ್ರಿ ಅಜ್ಜಿ," ಎಂದರು ಮಾಸ್ತರರು. "ಸಂಜಿಗೆ ಬಂದು ಒಮ್ಮೆ ನನ್ನ ದುರ್ಬೀನಿನ್ಯಾಗ ಶನಿನ್ನ ನೋಡಿ, ಆಮ್ಯಾಲ ಬಿಡಸ್ರಿ."

"ಅಯ್ಯ! ಅವನ ದೃಷ್ಟಿ ಬಿದ್ರ?"

"ಇಷ್ಟು ದಿನಾ ಅವನ ದೃಷ್ಟಿ ನಮ್ಮ ಮ್ಯಾಲ ಬಿದ್ದದ್ದು ಸಾಕು. ಒಮ್ಮೆ ನಮ್ಮ ದೃಷ್ಟಿ ಅವನ ಮ್ಯಾಲ ಬೀಳ್ಲಿ."

ಸಂಜೆ ಅಜ್ಜಿ ಕೈಯಲ್ಲಿ ಎಳ್ಳೆಣ್ಣೆಯ ಬಟ್ಟಲು ಹಿಡಿದೇ ಬಂದಳು. ಹಿತ್ತಾಳೆಯ ಕೊಳವೆಗೆ ಕಣ್ಣು ಹಚ್ಚಿದವಳು ಬಹಳ ಹೊತ್ತು ತೆಗೆಯಲಿಲ್ಲ.

"ಅಯ್ಯ ನಮ್ಮಪ್ಪಾ, ಸೊಂಟಕ್ಕ ಡಾಬು ಕಟ್ಕೊಂಡಾನಲ್ಲ! ಇಷ್ಟು ಚೆಂದ ಇದ್ದಾಂವಗ ಹೆದರಿ ಬರೇ ಎಣ್ಣಿ ಸುರದೆ!" ಹೊರಡುವಾಗ ಮಾಸ್ತರರಿಗೆ ತಾಕೀತು ಮಾಡಿದಳು: "ಶನಿ ಇರ್ಲಿ. ಆದ್ರ ಮಂಗಳ ಮಾತ್ರ ಮಾಡಬ್ಯಾಡ್ರಿ, ಇಕೀದು ಲಗ್ನ ಆಗಬೇಕು."

ನನ್ನ ಶಾಲೆ ಉಳಿಯಿತು. ಓದಿ ಅಲ್ಲಿಯೇ ಮಾಸ್ತರಣಿಯಾದೆ. ಮಾಸ್ತರರಿಗೆ ಮಾತ್ರ ನಾನು ಕೊನೆಗೂ ಶನಿಯೇ.

ಅವರು ನಿವೃತ್ತರಾಗಿ ಧಾರವಾಡಕ್ಕೆ ಹೊರಟ ದಿನ ಸ್ಟೇಶನ್ನಿಗೆ ಹೋಗಿದ್ದೆ. ಗಾಡಿ ಸೀಟಿ ಹಾಕಿದಾಗ ಕಿಸೆಯಿಂದ ಕಿತ್ತಳೆ ತೆಗೆದು ಕಿಟಕಿಯಿಂದ ನನ್ನ ಕೈಗಿತ್ತರು. "ಇನ್ನ ಭೂಮಿ ನಿನ್ನ ಕಡೆ. ಪಾಠ ಮುಗಿಯೂತನಕ ತಿನ್ನಬ್ಯಾಡ." ಅವರು ಪಕ್ಕದವನ ಕಡೆ ತಿರುಗಿ, "ಅಂತೂ ಶನಿ ಬಿಡ್ತು ನೋಡ್ರಿ ನನ್ನ," ಎನ್ನುತ್ತ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು.

ಗಾಡಿ ಅಲುಗಿತು. ಆ ಪಕ್ಕದವನ ಮಾತು ನನಗೂ ಕೇಳಿಸಿತು:

"ಶನಿ ಬಿಟ್ರ ಯಾರರ ಅಳ್ತಾರೇನ್ರಿ?"