ಅಪ್ಪನ ಹೆಸರಿಗೆ ಗಂಡನ ಸಹಿ

ಮೈಸೂರು ಮೈನ್ಸಿನ ಚಿನ್ನದ ಗಣಿಯ ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಯಾರ ಮಗಳು ಎಂದು ಕೇಳುವ ಪ್ರಸಂಗ ಬರುವುದು ಕಡಿಮೆ. ಹೆಸರಿನ ಮುಂದೆ ಅಪ್ಪನ ಅಕ್ಷರ ಇರುತ್ತದೆ, ಅಷ್ಟು ಸಾಕು. ಗಣಿಯಲ್ಲಿ ದುಡಿದು ಎದೆ ಕೆಡಿಸಿಕೊಂಡ ಕುಪ್ಪುಸ್ವಾಮಿಯ ಒಬ್ಬಳೇ ಮಗಳು ರಾಧಾಮಣಿ ಶಾಲೆಯಲ್ಲಿ ಕೆ. ರಾಧಾಮಣಿ, ರೇಷನ್ ಕಾರ್ಡಿನಲ್ಲಿ ಕೆ. ರಾಧಾಮಣಿ, ರಾಬರ್ಟ್‌ಸನ್‌ಪೇಟೆಯಲ್ಲಿ ಹೊಲಿಗೆ ಕಲಿತಾಗ ಕೊಟ್ಟ ಸರ್ಟಿಫಿಕೇಟಿನಲ್ಲೂ ಕೆ. ರಾಧಾಮಣಿ. ಆ ‘ಕೆ’ಯ ಬಗ್ಗೆ ಅವಳು ಯಾವತ್ತೂ ಯೋಚಿಸಿದವಳಲ್ಲ. ಮುಖದ ಮೇಲೆ ಮೂಗು ಇದ್ದ ಹಾಗೆ ಅದೂ ಇತ್ತು.

ಅದನ್ನು ತೆಗೆಸಿದವರು ಅವಳ ಮಾವ ಮುನಿಸ್ವಾಮಪ್ಪ. ರಾಧಾಮಣಿಯ ತೀರಿಹೋದ ತಾಯಿ ನರಸಮ್ಮ ಕ್ಯಾಸಂಬಳ್ಳಿ ಕಡೆಯವಳು. ಆ ನಂಟಿನಿಂದಲೇ ಅಲ್ಲಿಯ ಹಳ್ಳಿಯೊಂದರ ಮುನೀಂದ್ರನಿಗೆ ರಾಧಾಮಣಿಯನ್ನು ಕೊಟ್ಟಿದ್ದರು. ಮುನೀಂದ್ರ ಹಸು ಕಟ್ಟಿದವನಲ್ಲ, ಹೊಲ ಉತ್ತವನಲ್ಲ. ಬಿಳಿ ಬಟ್ಟೆ ಹಾಕಿಕೊಂಡು ಊರೂರು ಸುತ್ತಿ ಪಂಚಾಯ್ತಿ ಮೆಂಬರ್ ಆಗುವ ಕನಸು ಕಾಣುತ್ತಿದ್ದವನು. ಮದುವೆಯಾದ ಮಾರನೆಯ ವರ್ಷ ಅವನು ಕಣ್ಣಿಟ್ಟಿದ್ದ ಸೀಟು ಹೆಂಗಸರಿಗೆ ಮೀಸಲಾಗಿಬಿಟ್ಟಿತು. ಮಗ ಮುಖ ಜೋಲು ಹಾಕಿಕೊಂಡು ಕೂತ. ಮುನಿಸ್ವಾಮಪ್ಪ ಮಾತ್ರ ಧೈರ್ಯಗೆಡಲಿಲ್ಲ, ಮನೆಯಲ್ಲಿ ಸೊಸೆ ಇದ್ದಳಲ್ಲ.

“ಮುನೀಂದ್ರ ಅಂದ್ರೆ ಸುತ್ತಮುತ್ತ ಎಲ್ರುಗೂ ಗೊತ್ತು. ಕೆ. ರಾಧಾಮಣಿ ಅಂದ್ರೆ ಯಾರಂತ ಓಟಾಕ್ತಾರೆ?” ಅಂದರು. “ಅವ್ಳ ಎಸ್ರಿನ ಜೊತ್ಗೆ ನಿನ್ನೆಸ್ರು ಸೇರಿಸ್ಬುಡು, ಕಾನೂನು ಪ್ರಕಾರನೇ ಮಾಡ್ಸು.”

ಒಂದು ಬೆಳಿಗ್ಗೆ ಬಂಗಾರಪೇಟೆಗೆ ಹೋದರು. ನೋಟರಿಯ ಮುಂದೆ ಅಫಿಡವಿಟ್ ಆಯಿತು, ಪತ್ರಿಕೆಗೆ ಜಾಹೀರಾತು ಹೋಯಿತು, ಗೆಜೆಟ್ಟಿಗೂ ಆಧಾರಿಗೂ ಅರ್ಜಿ ಬಿತ್ತು. ಇನ್ನು ಮುಂದೆ ರಾಧಾಮಣಿ ಮುನೀಂದ್ರ. ಮುನೀಂದ್ರ ಅವಳಿಗೆ ಮಸಾಲೆ ದೋಸೆ ಕೊಡಿಸಿದ. ಸುಳ್ಳೇಕೆ, ಅವಳಿಗೂ ಅವತ್ತು ಹಿಗ್ಗು. ಗಂಡನ ಹೆಸರು ಹಾಕಿಕೊಳ್ಳಲು ಯಾವ ಹೆಂಗಸು ಅಳುತ್ತಾಳೆ? ಸುದ್ದಿ ಹೇಳಿದಾಗ ಕುಪ್ಪುಸ್ವಾಮಿ, “ನಲ್ಲದು ಕಣ್ಣು, ಒಳ್ಳೇದೇ ಆಯ್ತು, ಗಂಡನ್ಮನೆ ಎಸ್ರು ಬಂತಲ್ಲ,” ಎಂದು ಮಗಳನ್ನು ಮುದ್ದಿನಿಂದ ‘ಕಣ್ಣು’ ಎನ್ನುವ ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿ, ಕೆಮ್ಮುತ್ತಾ ಹೊರಗೆ ಎದ್ದುಹೋದ.

ರಾಧಾಮಣಿ ಗೆದ್ದಳು. ಗೆದ್ದದ್ದು ಅವಳು, ಹಾರ ಬಿದ್ದದ್ದು ಅವನ ಕೊರಳಿಗೆ. ಪಂಚಾಯ್ತಿಯ ಕುರ್ಚಿಯಲ್ಲಿ ಅವನು ಕೂರುತ್ತಿದ್ದ, ಅವಳು ಪಕ್ಕದಲ್ಲಿ ನಿಂತು ಸಹಿ ಹಾಕುತ್ತಿದ್ದಳು. ಊರವರು ಅವನನ್ನು ಮೆಂಬರ್ರು ಎಂದರು, ಅವಳನ್ನು ಮೆಂಬರ್ರ ಹೆಂಡತಿ ಎಂದರು. ನಗಬೇಕಾದ ಮಾತೇ, ಆದರೆ ಆ ಊರಲ್ಲಿ ಯಾರೂ ನಗಲಿಲ್ಲ.

ಆಮೇಲೆ ಮುನೀಂದ್ರ ಬಂಗಾರಪೇಟೆಯಲ್ಲಿ ನವ್ಯ ಎಂಬವಳ ಜೊತೆ ಮನೆ ಮಾಡಿದ. ಮುಚ್ಚುಮರೆ ಏನೂ ಇರಲಿಲ್ಲ. ಅತ್ತೆ ಮುನಿನಾರಾಯಣಮ್ಮ, “ಗಂಡುಸ್ರು ನಾಕ್ಕಡೆ ಓಗ್ತಾರೆ ಬತ್ತಾರೆ, ನೀನು ನಿನ್ನೊಲೆ ನೋಡ್ಕೋ ಕಣಮ್ಮ,” ಎಂದು ಸಮಾಧಾನ ಹೇಳಿದರು. ಮಕ್ಕಳಿರಲಿಲ್ಲ. ರಾಧಾಮಣಿ ನಾಲ್ಕು ಸೀರೆ ಸುತ್ತಿಕೊಂಡು ಅಪ್ಪನ ಲೈನ್ ಮನೆಗೆ ಬಂದುಬಿಟ್ಟಳು. ರಾಬರ್ಟ್‌ಸನ್‌ಪೇಟೆಯ ಬ್ಲೌಸ್ ಅಂಗಡಿಯೊಂದರಲ್ಲಿ ಹೊಲಿಯಲು ಕೂತಳು.

ಅಷ್ಟರಲ್ಲಿ ಕುಪ್ಪುಸ್ವಾಮಿಗೆ ಮಲಗುವುದೇ ಆಗದಂತಾಗಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿಯೇ ನಿದ್ದೆ. ಆಸ್ಪತ್ರೆಯಲ್ಲಿ ನರ್ಸ್ ಬಂದು, “ಕುಪ್ಪುಸ್ವಾಮಿ ಕಡೆಯವ್ರು ರಾಧಾಮಣಿ ಮುನೀಂದ್ರ ಯಾರು?” ಎಂದು ಕೂಗಿದಾಗ ಮುದುಕ ಕಣ್ಣು ಬಿಟ್ಟು ಮಗಳನ್ನು ನೋಡಿದ.

“ಇನ್ನೂ ಅವನೆಸ್ರೇನಾ ಕಣ್ಣು?”

ಅವಳು ಅವನ ಹೊದಿಕೆ ಸರಿಮಾಡಿದಳು.

“ನಂಗೆ ಗಂಡುಮಕ್ಳಿಲ್ಲ. ನಾನು ಓಗೋದ್ರೊಳ್ಗೆ ನನ್ನಕ್ಷರ ವಾಪಸ್ ಆಕ್ಕೋ. ಬೇರೇನೂ ಕೇಳಲ್ಲ.” ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು ಮತ್ತೆ ಹೇಳಿದ, “ನನ್ ಕೊಳ್ಳಿ ನಮ್ ಕಾಂತರಾಜ ಇಡ್ಲಿ. ಆ ಮುನೀಂದ್ರನ್ನ ಅತ್ರ ಬುಡ್ಬೇಡ.”

ಕಾಂತರಾಜ್ ಅವನ ತಮ್ಮನ ಮಗ, ಆಟೋ ಓಡಿಸುವವನು.

ಹುಟ್ಟಿದಾಗಿನಿಂದ ಅಪ್ಪ ಅವಳನ್ನು ಏನನ್ನೂ ಕೇಳಿದವನಲ್ಲ. ರಾಧಾಮಣಿ ಮಾರನೆಯ ದಿನವೇ ಮಾರಿಕುಪ್ಪಂ ರೈಲುಗಾಡಿ ಹತ್ತಿ ಬಂಗಾರಪೇಟೆಯ ವಕೀಲ ಪೆರುಮಾಳ್ ಹತ್ತಿರ ಹೋದಳು. ಅವರು ಒಳ್ಳೆಯ ಮನುಷ್ಯ, ಮುಖಕ್ಕೆ ಹೊಡೆದ ಹಾಗೆ ಹೇಳಲಿಲ್ಲ. ಆದರೂ ಹೇಳಬೇಕಾದದ್ದು ಅದೇ ಆಗಿತ್ತು.

“ಗಂಡನ ಹೆಸ್ರು ತೆಗೆದು ತವರಿನ ಹೆಸ್ರು ಹಾಕ್ಬೇಕು ಅಂದ್ರೆ ಗೆಜೆಟ್‌ನೋರು ಗಂಡನ ಒಪ್ಪಿಗೆ ಪತ್ರ ಕೇಳ್ತಾರಮ್ಮ. ಇಲ್ಲಾಂದ್ರೆ ಡೈವೋರ್ಸ್ ಆಗಿರೋ ಆರ್ಡರು.”

“ನಮ್ಮಪ್ಪನ ಎಸ್ರಿಗೆ ಅವನ್ ಒಪ್ಪಿಗೆ ಯಾಕೆ ಸಾರ್?”

“ಯಾಕೆ ಅಂತ ನಾನೇನು ಹೇಳ್ಲಿ?”

“ಡೈವೋರ್ಸ್ ಆಗೋಕೆ ಎಷ್ಟ್ ದಿನ?”

“ದಿನ ಅಲ್ಲಮ್ಮ, ವರ್ಷ. ಅದೂ ಅವನು ಕೋರ್ಟಿಗೆ ಬಂದ್ರೆ.”

ಗೋಡೆಗೆ ಒರಗಿ ಕೂತವನ ಹತ್ತಿರ ವರ್ಷಗಳಿರಲಿಲ್ಲ. ಬಿಟ್ಟು ಬಂದ ಮನೆಗೆ ಮತ್ತೆ ಹೋಗಬಾರದೆಂಬ ಹಠವನ್ನು ನುಂಗಿಕೊಂಡು ರಾಧಾಮಣಿ ಕ್ಯಾಸಂಬಳ್ಳಿ ಬಸ್ಸು ಹತ್ತಿದಳು. ಮುನೀಂದ್ರ ಜಗಲಿಯ ಮೇಲೆ ಮೊಬೈಲ್ ನೋಡುತ್ತಾ ಕೂತಿದ್ದ. ಅತ್ತೆ ಕಾಫಿ ತಂದಿಟ್ಟು ಒಳಗೆ ಹೋದರು. ಅವನು ಅವಳ ಮಾತನ್ನೆಲ್ಲ ಕೇಳಿಸಿಕೊಂಡ. ಬೈಯಲಿಲ್ಲ, ರೇಗಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ಪಂಚಾಯ್ತಿ ಎಲೆಕ್ಷನ್ ಬತ್ತೈತೆ. ಸೀಟು ಮತ್ತೆ ಎಂಗಸ್ರಿಗೇ ಅಂತಾವ್ರೆ,” ಅಂದ. “ಎಂಡ್ತೀನ ಓಡ್ಸಿದೋನು ಅಂತ ಊರಲ್ಲೆಲ್ಲ ನನ್ನ ಆಡ್ಕೊಂತಾವ್ರೆ. ಇನ್ನೊಂದ್ ದಪ ನನ್ ಪಕ್ಕ ನಿಂತ್ಕೋ. ಆಮ್ಯಾಕೆ ಎಲ್ಲಿ ಬೇಕಾರೂ ಸೈನಾಕ್ತೀನಿ.”

“ಅಪ್ಪ ಅಲ್ಲೀತನ್ಕ ಇರಲ್ಲ.”

“ಇರ್ತಾನೆ ಬುಡು, ಗಣಿ ಜೀವ.”

ಹೂಂ ಎಂದು ಬಂದಳು. ಅಪ್ಪನಿಗೆ ಮಾತ್ರ ಸುಳ್ಳು ಹೇಳಿದಳು, ಅರ್ಜಿ ಹೋಗಿದೆ, ಇನ್ನೇನು ಬರುತ್ತದೆ ಎಂದು. ಬಾಗಿಲಲ್ಲಿ ಯಾರ ಗಾಡಿ ನಿಂತ ಸದ್ದಾದರೂ ಕುಪ್ಪುಸ್ವಾಮಿ, “ಬಂತಾ ಕಣ್ಣು?” ಎನ್ನುತ್ತಿದ್ದ. ಇಲ್ಲ ಎಂದು ಹೇಳಿ ಹೇಳಿ ಅವಳಿಗೆ ತನ್ನ ದನಿಯೇ ಬೇಸರವಾಗಿಹೋಗಿತ್ತು. ಒಂದು ಮಧ್ಯಾಹ್ನ ಅವನು ಕೇಳುವುದನ್ನು ನಿಲ್ಲಿಸಿದ.

ಹೆಣದ ಮುಂದೆ ಬೆಂಕಿಯ ಮಡಕೆ ಹಿಡಿದು ನಡೆಯುವವನೇ ಕೊಳ್ಳಿ ಇಡುವವನು. ಕೊಳ್ಳಿ ಇಟ್ಟವನೇ ಸತ್ತವನ ಮಗ. ಲೈನಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಕಾಂತರಾಜ್ ತಲೆಗೆ ನೀರು ಹುಯ್ದುಕೊಂಡು ಒದ್ದೆ ಪಂಚೆಯಲ್ಲಿ ಬಾಗಿಲ ಬಳಿ ನಿಂತಿದ್ದ. ಅಷ್ಟರಲ್ಲಿ ಮುನೀಂದ್ರನ ಕಾರು ಬಂತು, ಹಿಂದೆ ಊರಿನ ಜನ ತುಂಬಿದ ಟೆಂಪೋ. ಅವನು ಇಳಿದವನೇ ಅಂಗಿ ಬಿಚ್ಚಿದ, ಕೊಳಾಯಿಯ ಕೆಳಗೆ ಕೂತು ನೀರು ಹಾಕಿಕೊಂಡ. ರಾಧಾಮಣಿಯ ಪಕ್ಕ ಹಾದುಹೋಗುವಾಗ ತಗ್ಗಿದ ದನಿಯಲ್ಲಿ, “ಒಪ್ಪಿಗೆ ಪೇಪರು ಕಾರಲ್ಲೇ ಐತೆ. ಕಾರ್ಯ ಮುಗೀಲಿ, ಸೈನಾಕ್ತೀನಿ,” ಅಂದ.

ಲೈನಿನ ಹಿರಿಯನೊಬ್ಬ ಇಬ್ಬರನ್ನೂ ನೋಡಿ ಅವಳ ಕಡೆ ತಿರುಗಿದ. “ಯಾರಮ್ಮ ಮಡಕೆ ಇಡಿಯೋದು? ತಮ್ಮನ ಮಗನಾ, ಅಳಿಯನಾ? ನಿನ್ನ ಬಾಯಲ್ಲೇ ಏಳ್ಬುಡು.”

ಅಪ್ಪ ಹೇಳಿದ್ದು ಅವಳಿಗೆ ಮರೆತಿರಲಿಲ್ಲ. ಅವನ ಎರಡು ಮಾತೂ ಅವಳ ಎದುರಿಗೆ ನಿಂತವು. ಕೊಳ್ಳಿ ಒಂದು ಗಳಿಗೆಯದು, ಹೆಸರು ಸಾಯುವ ತನಕ ಉಳಿಯುವುದು ಎಂದುಕೊಂಡಳು. ಇಷ್ಟು ಜನರ ಎದುರಿಗೆ ಅವನಿಗೆ ಅವಮಾನ ಮಾಡಿದರೆ ಅವನು ಈ ಜನ್ಮದಲ್ಲಿ ಸಹಿ ಹಾಕುವುದಿಲ್ಲ ಎಂದುಕೊಂಡಳು. ಮುನೀಂದ್ರನ ಕಡೆ ಕೈ ತೋರಿಸಿದಳು. ಕಾಂತರಾಜ್ ಪಕ್ಕಕ್ಕೆ ಸರಿದು ಒದ್ದೆ ಪಂಚೆಯಲ್ಲೇ ಚಟ್ಟಕ್ಕೆ ಹೆಗಲು ಕೊಟ್ಟ. ಮುನೀಂದ್ರನ ಕಡೆಯ ಹುಡುಗರು ಎಲ್ಲವನ್ನೂ ವಿಡಿಯೋ ಮಾಡಿಕೊಂಡರು. ಮಾವನಿಗೆ ಮಗನಾದ ಅಳಿಯ ಎಂದು ಸಂಜೆಯೊಳಗೆ ಕ್ಯಾಸಂಬಳ್ಳಿಯ ಮೊಬೈಲುಗಳಲ್ಲೆಲ್ಲ ಅದೇ ಓಡಿತು.

ಹದಿನಾರನೆಯ ದಿನದ ಕಾರ್ಯದಲ್ಲಿ ಹೊಸ ಬಟ್ಟೆ ಇಟ್ಟು ಮುನೀಂದ್ರನ ತಲೆಗೆ ಪೇಟ ಕಟ್ಟಿದರು. ಊಟ ಮುಗಿದ ಮೇಲೆ ರಾಧಾಮಣಿ ಪೆನ್ನು ಹಿಡಿದು ಅವನ ಮುಂದೆ ನಿಂತಳು. ಮುನೀಂದ್ರ ಎಲ್ಲರಿಗೂ ಕೇಳುವಂತೆ ದನಿ ಎತ್ತರಿಸಿದ.

“ಕೇಳ್ರಪ್ಪ ಇಲ್ಲಿ! ಇವರಪ್ಪಂಗೆ ಕೊಳ್ಳಿ ಇಟ್ಟೋನು ನಾನು. ನಾನೀಗ ಈ ಮನೆ ಮಗ. ಇವ್ಳು ನನ್ನೆಸ್ರು ಬ್ಯಾಡ, ತೆಗೀತೀನಿ, ಸೈನಾಕು ಅಂತಾವ್ಳೆ. ಆ ದೊಡ್ಡೋರ ಆತ್ಮ ಮೆಚ್ತೈತಾ ಇದ್ನ?”

ಲೈನಿನ ಆ ಹಿರಿಯ ತಲೆಯಾಡಿಸಿದ. “ಇಂಥಾ ಅಳಿಯ ಯಾರ್ಗೆ ಸಿಗ್ತಾನಮ್ಮ? ಮಗನೂ ಇಷ್ಟ್ ಮಾಡಲ್ಲ. ನೀನೇ ಅಲ್ವಾ ಬೊಟ್ಟು ಮಾಡಿ ತೋರ್ಸಿದ್ದು? ಆ ಪೆನ್ನು ಒಳ್ಗಿಡು.” ಅವಳ ಪರವಾಗಿ ಹಗಲೂ ರಾತ್ರಿ ಮುನೀಂದ್ರನನ್ನು ಬೈಯುತ್ತಿದ್ದ ಪಕ್ಕದ ಮನೆಯ ಅಂಬಿಕ ಕೂಡ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಓಗ್ಬುಡೇ ರಾಧಾ, ಸಂಸಾರ ಮಾಡ್ಕೋ,” ಅಂದಳು. ಅಷ್ಟೂ ಜನರಲ್ಲಿ ಒಬ್ಬರೂ ಕೆಟ್ಟದ್ದು ಬಯಸಿ ಆಡಿದವರಲ್ಲ. ಅದಕ್ಕೇ ಅವಳಿಗೆ ಜಗಳವಾಡಲೂ ಬಾಯಿ ಬರಲಿಲ್ಲ.

ಕೊನೆಯದಾಗಿ ಇನ್ನೊಂದು ಸಲ ಪೆರುಮಾಳ್ ಹತ್ತಿರ ಹೋದಳು. ಜೊತೆಗೆ ಕಾಂತರಾಜ್ ಬಂದಿದ್ದ. ವಕೀಲರು ಆ ವಿಡಿಯೋವನ್ನು ಆಗಲೇ ನೋಡಿದ್ದರು.

“ಡೈವೋರ್ಸ್ ಕೇಸ್ ಹಾಕೋಣ, ಹಾಕ್ಬಾರ್ದು ಅಂತೇನಿಲ್ಲ. ಆದ್ರೆ ಅವನು ಇದನ್ನೇ ತಂದು ತೋರಿಸ್ತಾನೆ. ಹೆಂಡ್ತೀನೇ ಕರೆದು ಮಗನ ಜಾಗದಲ್ಲಿ ನಿಲ್ಸಿದ್ಲು ಅಂತಾನೆ. ಎಳೀತಾ ಹೋಗುತ್ತಮ್ಮ.”

“ಎಳೀಲಿ ಬುಡಿ ಸಾರ್. ಈಗ ಅರ್ಜೆಂಟೇನೂ ಇಲ್ಲ,” ಎಂದು ಎದ್ದಳು.

ಬಂಗಾರಪೇಟೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಗಾಡಿ ಕಾಯುತ್ತಾ ಕೂತರು. ಕಾಂತರಾಜ್ ಇಷ್ಟು ದಿನ ಎದೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟ.

“ಅಕ್ಕಾ, ದೊಡ್ಡಪ್ಪ ನಂಗೇ ಏಳಿತ್ತು, ಕೊಳ್ಳಿ ನೀನೇ ಇಡ್ಬೇಕು ಅಂತ. ಅವತ್ತು ನಾನ್ ಬಂದು ನಿಂತಿದ್ನಲ್ಲ. ನನ್ನ್ ಬುಟ್ಟು ಅವನ್ನ ಯಾಕ್ ಕರ್ದೆ?”

“ಅಪ್ಪನ ಎಸ್ರು ಬೇಕಾಗಿತ್ತು ಕಣೋ,” ಅಂದಳು ರಾಧಾಮಣಿ. “ಅದಕ್ಕೋಸ್ಕರ ಅಪ್ಪನ್ನೇ ಅವನ ಕೈಗೆ ಕೊಟ್ಬುಟ್ಟೆ.”