ಬಸಣ್ಣನ ಗೆರೆ

ಹೆಡ್‌ಸೆಟ್ಟಿನ ಸ್ಪಂಜಿಗೆ ಒಂದು ವಾಸನೆಯಿದೆ. ಸ್ಪಿರಿಟ್ ಹಾಕಿ ಎಷ್ಟು ಒರೆಸಿದರೂ ಹೋಗದ, ಹತ್ತಾರು ಹಣೆಗಳ ಬೆವರಿನ ವಾಸನೆ. ಮಲಾಡಿನ ನಮ್ಮ ಆಫೀಸಿನಲ್ಲಿ ಬೆಳಿಗ್ಗೆ ಅದನ್ನು ಒರೆಸುವಾಗಲೆಲ್ಲ ನನಗೆ ಬಸಣ್ಣ ನೆನಪಾಗುತ್ತಾನೆ. ವಿಚಿತ್ರವೆಂದರೆ, ಅದರೊಳಗೆ ಬೆವರದೆ ಹೊರಬಂದವನು ಅವನೊಬ್ಬನೇ.

ನಾವು ತಯಾರಿಸುವುದು ಸೈನಿಕರ ತರಬೇತಿಗಾಗಿ ಸುಳ್ಳು ಯುದ್ಧ. ಹೆಡ್‌ಸೆಟ್ಟೆಂಬ ಆ ಡಬ್ಬಿಯನ್ನು ಕಣ್ಣಿಗೆ ಕಟ್ಟಿಕೊಂಡರೆ ಸುತ್ತ ಕಣಿವೆ, ಹೊಗೆ, ಗುಂಡಿನ ಸದ್ದು. ಎದೆಗೊಂದು ಪಟ್ಟಿ ಕಟ್ಟಿ ಬಡಿತ ಅಳೆಯುತ್ತೇವೆ. ಗಾಬರಿಯಲ್ಲೂ ಬಡಿತ ಹಿಡಿತದಲ್ಲಿರಲಿ ಎಂಬುದು ಉದ್ದೇಶ. ಯಾವಾಗ ಯಾರು ಕೂಗಬೇಕು, ಯಾರು ಸಾಯಬೇಕು ಎಂದು ಬರೆಯುವವಳು ನಾನು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದವರಿಗೆ ಇಂಥ ಕೆಲಸವೇ ಸಿಗುವುದೇನೋ. ಗೆದ್ದ ಕಪ್ಪುಗಳಲ್ಲಿ ಅಮ್ಮ ಜೀರಿಗೆ, ಸಾಸಿವೆ ತುಂಬಿಟ್ಟಿದ್ದಾಳೆ. ಭಯವನ್ನು ಅಭ್ಯಾಸದಿಂದ ಗೆಲ್ಲಬಹುದೇ ಎಂದು ಸಂದರ್ಶನದಲ್ಲಿ ಕೇಳಿದಾಗ ಪರ, ವಿರೋಧ ಎರಡೂ ಕಡೆ ಮಾತಾಡಿದೆ. ಕೆಲಸ ಕೊಟ್ಟರು. ಇದರಲ್ಲಿ ನಿನ್ನ ಪಕ್ಷ ಯಾವುದು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಬಸಣ್ಣ ನನ್ನ ದೊಡ್ಡಪ್ಪನ ಮಗ. ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ದೊಡ್ಡಪ್ಪ ವಡಾಲದ ಚಾಳಿನಲ್ಲೇ, ನಾವೂ ಇರುವ ಆ ವಠಾರದಲ್ಲೇ, ಉಳಿದರು. ಮಗ ಫೌಜಿಗೆ ಸೇರಿದ. ಮೊದಲೆಲ್ಲ ಅವನು ರಜೆಗೆ ಬಂದರೆ ಇಡೀ ಚಾಳಿಗೆ ಗೊತ್ತಾಗುತ್ತಿತ್ತು. ಕೇರಂ ಸೋತರೆ ಬೋರ್ಡು ಎತ್ತಿ ಹಾಕುವನು, ಟಿವಿಯಲ್ಲಿ ಯಾರದೋ ತಾಯಿ ಸತ್ತರೆ ಟವೆಲ್ಲಿನಲ್ಲಿ ಮೂಗು ಒರೆಸುವನು. ಇಂಥ ಅಳುಬುರುಕನನ್ನು ಮಿಲಿಟರಿಯವರು ಹೇಗೆ ತಗೊಂಡರು ಎಂದು ಅಣಕಿಸಿದ್ದೆ. "ನಿನ್ನ ಹರಕು ಕನ್ನಡಾನ ನಾವು ಮನ್ಯಾಗ ಇಟಗೊಂಡಿಲ್ಲೇನು, ಹಂಗ," ಎಂದಿದ್ದ.

ಹೋದ ವರ್ಷ ಅವನು ಬಂದದ್ದು ಚಾಳಿಗೆ ಗೊತ್ತೇ ಆಗಲಿಲ್ಲ. ಅವನ ಹೆಂಡತಿ ರೇಣುಕಾ ವೈನಿ ನನ್ನನ್ನು ನಲ್ಲಿಯ ಹತ್ತಿರ ಕರೆದು ಹೇಳಿದಳು: "ಮೊನ್ನೆ ಪುಟ್ಟಿ ಪಾವಟಿಗಿ ಮ್ಯಾಲಿಂದ ಬಿದ್ದು ಹಣಿ ಒಡಕೊಂಡ್ಲು. ಇವ್ರು ರಕ್ತ ಒರಸಿದ್ರು, ಪಟ್ಟಿ ಕಟ್ಟಿದ್ರು, ಎಲ್ಲಾ ಬರೋಬರಿ. ಆಮ್ಯಾಲ ಉಳದಿದ್ದ ಚಾ ಕುಡದ್ರು. ಮಾರಿ ಮ್ಯಾಲ ಏನೂ ಇರಲಿಲ್ಲ. ಪುಟ್ಟಿ ಅಳೋದು ಬಿಟ್ಟು ಅವ್ರನ್ನ ನೋಡಾಕತ್ಲು." ಮಗಳ ಗಾಯಕ್ಕೂ ಅಲುಗದ ಗಂಡನನ್ನು ಡಾಕ್ಟರಿಗೆ ತೋರಿಸಬೇಕೆಂದರೆ ಅವನು ಒಲ್ಲೆ ಎನ್ನುತ್ತಾನೆ. "ನಿಮ್ಮ ಆಫೀಸ್‌ನ್ಯಾಗ ಮಷೀನ್ ಐತಂತಲ್ಲ. ಅದು ಹೇಳಿದ್ರ ಕೇಳ್ತಾರ."

ನನಗದು ಒಳ್ಳೆಯ ವಾದವೆನಿಸಿತು. ಸಾಕ್ಷ್ಯವಿಲ್ಲದೆ ಗೆದ್ದವರುಂಟೇ, ನೀವೇ ಹೇಳಿ.

ಬಸಣ್ಣ ಬಂದು ಡಬ್ಬಿ ಕಟ್ಟಿಸಿಕೊಂಡ. ನಾನು ಬರೆದವುಗಳಲ್ಲೇ ಅತಿ ಕ್ರೂರವಾದ ದೃಶ್ಯ ಹಾಕಿದೆವು: ಗುಂಡು ತಗುಲಿ ಬಿದ್ದ ಗೆಳೆಯ ಪಕ್ಕದಲ್ಲೇ ಹೆಸರು ಹಿಡಿದು ಕೂಗುತ್ತಾನೆ. ನಮ್ಮವರೇ ಒಬ್ಬರು ಅದನ್ನು ತಾಳಲಾರದೆ ಡಬ್ಬಿ ಕಿತ್ತೆಸೆದಿದ್ದರು. ಬಸಣ್ಣನ ಬಡಿತದ ಗೆರೆ ಮಾತ್ರ ಇಸ್ತ್ರಿ ಹೊಡೆದಂತೆ ಸಾಗಿತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನಮ್ಮಲ್ಲೊಂದು ಪದ್ಧತಿಯಿದೆ. ಎಲ್ಲರಿಗಿಂತ ಚೆನ್ನಾಗಿ ಮಾಡಿದವನ ಗೆರೆಯನ್ನೇ ಮಾದರಿಯಾಗಿಟ್ಟು, ಉಳಿದವರು ಅದಕ್ಕೆಷ್ಟು ಹತ್ತಿರ ಬಂದರೆಂದು ಅಂಕ ಕೊಡುವುದು. "ಯೇ ಹೈ ಹಮಾರಾ ಬೆಂಚ್‌ಮಾರ್ಕ್," ಎಂದರು ಬಾಸ್.

ಬಸಣ್ಣ ಚಹಾಕ್ಕೆ ಹೊರಗೆ ಹೋದಾಗ ನಾನು ಎದ್ದು ನಿಂತೆ. ಇದು ಧೈರ್ಯವಲ್ಲ, ಇವನೊಳಗೆ ಏನೋ ಆರಿಹೋಗಿದೆ ಎಂದೆ. "ಡೇಟಾ ಇದೆಯಾ?" ಎಂದರು ಬಾಸ್. ನನ್ನ ಹತ್ತಿರ ಇದ್ದದ್ದು ನಲ್ಲಿಯ ಬಳಿ ಕೇಳಿದ ಮಾತು. ಇದೇ ಪ್ರಶ್ನೆ ಎಸೆದು ಎಷ್ಟು ಎದುರಾಳಿಗಳನ್ನು ನಾನು ಕೂರಿಸಿದ್ದೆನೋ. ಕೂತೆ.

ಸ್ಟೇಷನ್ನಿಗೆ ನಡೆಯುತ್ತ ಅವನೊಡನೆ ಇನ್ನೊಮ್ಮೆ ಹಟ ಹಿಡಿದೆ.

"ಅಣ್ಣಾ, ಏಕ್ ಬಾರ್ ಡಾಕ್ಟರ್ ಕಡೆ ಹೋಗಿ ಬಾ ನಾ. ವೈನಿ ಸಲುವಾಗಿ."

"ಯಾಕ? ನಿಮ್ಮ ಮಷೀನ್ ಫಸ್ಟ್ ಕ್ಲಾಸ್ ಅಂತಲ್ಲ. ನಿಮ್ಮವರೇ ಚಪ್ಪಾಳಿ ಹೊಡದ್ರು."

"ಮಷೀನ್ ಬಡಿತ ಅಷ್ಟೇ ನೋಡ್ತದೆ. ಆ ಗೆಳೆಯ ಕೂಗುವಾಗ ನಿನಗೇನು ಅನ್ನಿಸ್ತು?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ಅವ ಭಾಳ ಹೊತ್ತು ಕೂಗಿದ," ಎಂದ. "ಖರೇ ಗುಂಡು ಬಡದಾವ ಅಷ್ಟೊತ್ತು ಕೂಗಂಗಿಲ್ಲ."

ಲೋಕಲ್ ಬಂತು, ಹತ್ತಿದೆವು.

ಡಾಕ್ಟರಿಗೆ ತೋರಿಸುವ ಮಾತು ಅಲ್ಲಿಗೇ ಮುಗಿಯಿತು. ಮಷೀನೇ ಪಾಸು ಮಾಡಿದ ಮೇಲೆ ಇನ್ನೇನು ಎಂದನಂತೆ ಬಸಣ್ಣ. ವೈನಿ ನನ್ನನ್ನು ಬೈಯಲಿಲ್ಲ. "ನೀ ಭಾಳ ಶ್ಯಾಣ್ಯಾಕಿ ಅಂತ ತಿಳದಿದ್ನಿ," ಎಂದಳು, ಅಷ್ಟೆ. ರಜೆ ಮುಗಿಸಿ ಅವನು ಹೊರಟಾಗ ಪುಟ್ಟಿ ಅಳಲಿಲ್ಲ. ಅವಳೂ ಕಲಿತಿದ್ದಳು.

ಇವತ್ತು ಹೊಸ ತಂಡ ಬಂದಿತ್ತು. ಮೊದಲ ಪೋಸ್ಟಿಂಗಿಗೆ ಹೊರಟಿದ್ದ ಒಬ್ಬ ಸೈನಿಕ ಡಬ್ಬಿ ತೆಗೆದಾಗ ಅವನ ಕಣ್ಣು ತುಂಬಿತ್ತು, ಕೈ ನಡುಗುತ್ತಿತ್ತು. "ಸಾರಿ ಮೇಡಂ," ಎಂದ. ಪರದೆಯಲ್ಲಿ ಅವನ ಗೆರೆ ಎಲ್ಲೋ ಮೇಲೆ, ಬಸಣ್ಣನದು ಅದರ ಕೆಳಗೆ. ನಿನ್ನದೇ ಸರಿ, ಇದನ್ನು ಕಳಕೊಳ್ಳಬೇಡ ಎನ್ನಲು ಬಾಯಿ ತೆರೆದೆ. ಆದರೆ ನಿಜವಾದ ಗುಂಡುಗಳ ನಡುವೆ ಆ ನಡುಗುವ ಕೈಯೇ ಅವನನ್ನು ಕೊಲ್ಲಬಹುದು. ಆ ಪಕ್ಷದ ವಾದವೂ ನನಗೆ ಬಾಯಿಪಾಠ. ಎರಡೂ ನಿಜವಾದರೆ ಏನು ಮಾಡಬೇಕೆಂದು ಯಾವ ಸ್ಪರ್ಧೆಯಲ್ಲೂ ಕಲಿಸಿರಲಿಲ್ಲ.

"ಇನ್ನೊಮ್ಮೆ ಮಾಡೋಣ," ಎಂದು ಅವನ ಎದೆಯ ಪಟ್ಟಿ ಬಿಗಿ ಮಾಡಿದೆ.

ಸಂಜೆಯ ಹೊತ್ತಿಗೆ ಅವನ ಗೆರೆ ಇಳಿಯತೊಡಗಿತ್ತು. ಹೊರಡುವಾಗ ಬಂದು ಕೈ ಕುಲುಕಿ, "ಥ್ಯಾಂಕ್ಯೂ ಮೇಡಂ," ಎಂದ. ಕೈ ನಡುಗುತ್ತಿರಲಿಲ್ಲ.