ಜೇನುಪೆಟ್ಟಿಗೆಗಳ ನಡುವಿನ ರಸ್ತೆ

ನಾನು ರಸ್ತೆ ಎಳೆಯುವವಳು. ಮೈಸೂರಿನಲ್ಲಿ ಸಿವಿಲ್ ಓದಿ, ಪರ್ತ್‌ನ ಬೆಂಟ್ಲಿಯಲ್ಲಿ ಮಾಸ್ಟರ್ಸ್ ಮುಗಿಸಿ, ಅಡಿಲೇಡಿನಲ್ಲಿ ಕೆಲವು ವರ್ಷ ಚರಂಡಿ, ಫುಟ್‌ಪಾತು ಬಿಡಿಸಿ, ಈಗ ಬ್ರಿಸ್ಬೇನಿನ ಆಫೀಸಿನಲ್ಲಿ ಕೂತು ದೂರದ ಕಾಡುಗಳಲ್ಲಿ ದಾರಿ ಹಾಕುತ್ತೇನೆ. ಸಂಬಳ ಚೆನ್ನಾಗಿದೆ, ಗೊಣಗುವ ಹಕ್ಕು ನಿನಗಿಲ್ಲ ಎಂದು ಮನೆಯಲ್ಲಿ ಹೇಳುತ್ತಾರೆ. ಆದರೂ ಗೊಣಗುತ್ತೇನೆ.

ಆ ಕೆಲಸ ಹೀಗಿತ್ತು. ಸರ್ಕಾರಿ ಕಾಡೊಂದರ ಅಡಿಯಲ್ಲಿ ಕಲ್ಲಿದ್ದಲು ಗಣಿ. ಕಲ್ಲಿದ್ದಲಿನೊಳಗೆ ಮೀಥೇನ್ ಅನಿಲ ತುಂಬಿರುತ್ತದೆ. ಅಗೆಯುವ ಯಂತ್ರ ಅಲ್ಲಿಗೆ ತಲುಪುವ ಮೊದಲೇ ಮೇಲಿನಿಂದ ಬಾವಿ ಕೊರೆದು ಅದನ್ನು ಹೊರಗೆಳೆಯಬೇಕು, ಇಲ್ಲದಿದ್ದರೆ ಕೆಳಗಿರುವವರ ಜೀವಕ್ಕೆ ಕುತ್ತು. ಆದ್ದರಿಂದ ಬಾವಿಗಳು ಬೇಕೇ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಅವು ಎಲ್ಲಿರಬೇಕೆಂಬುದನ್ನು ಗಣಿಯವರು ತೀರ್ಮಾನಿಸುತ್ತಾರೆ. ಕೊರೆಯುವ ಲಾರಿ ಅಲ್ಲಿಗೆ ಹೋಗುವ ದಾರಿ ಮಾತ್ರ ನನ್ನದು. ನಮ್ಮ ಕೆಲಸದ ಮೊದಲ ನಿಯಮವೆಂದರೆ, ಹಳೆಯ ದಾರಿ ಇದ್ದರೆ ಅದನ್ನೇ ಬಳಸಬೇಕು, ಹೊಸದಾಗಿ ಮರ ಕಡಿಯಬಾರದು. ನಕ್ಷೆಯಲ್ಲಿ ಅರಣ್ಯ ಇಲಾಖೆಯ ಹಳೆಯ ಮಣ್ಣುದಾರಿಯೊಂದು ಸಿಕ್ಕಿತು. ಅದರ ಮೇಲೆಯೇ ಗೆರೆ ಎಳೆದೆ. ಒಂದು ಮರಕ್ಕೂ ಏಟು ಬೀಳಲಿಲ್ಲವೆಂದು ಆ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆಮೇಲೆ ಜಾಗ ನೋಡಲು ಹೋದೆ. ದಾರಿ ಅಗಲವಾಗಿ ಬಯಲಾಗಿದ್ದ ಕಡೆ ಸಾಲಾಗಿ ಜೇನುಪೆಟ್ಟಿಗೆಗಳಿದ್ದವು. ಮುಖಕ್ಕೆ ಬಲೆ ಕಟ್ಟಿಕೊಂಡ ಒಬ್ಬರು ಪೆಟ್ಟಿಗೆಗೆ ಹೊಗೆ ಊದುತ್ತಿದ್ದರು. ಬಲೆ ಎತ್ತಿದರೆ ನಮ್ಮ ಮಂಗಳೂರು ಅಂಕಲ್. ಬ್ರಿಸ್ಬೇನಿನ ಕನ್ನಡದವರ ಯಾವ ಊಟವಿದ್ದರೂ ಸೌಟು ಹಿಡಿಯುವವರು ಅವರೇ. ಗಲ್ಫಿನಲ್ಲಿ ಅರ್ಧ ಆಯಸ್ಸು ಎಸಿ ರಿಪೇರಿ ಮಾಡಿ ಇಲ್ಲಿಗೆ ಬಂದವರು. ಜೇನು ಸಾಕುತ್ತಾರೆಂದು ಗೊತ್ತಿತ್ತು, ಸರ್ಕಾರದಿಂದ ಪರವಾನಗಿ ಪಡೆದು ಈ ಕಾಡಿನಲ್ಲಿ ಇಟ್ಟಿದ್ದಾರೆಂದು ಗೊತ್ತಿರಲಿಲ್ಲ.

"ಎಂತ ಮಾರಾಯ್ತಿ, ನೀನು ಇಲ್ಲಿ?"

ಬಂದ ಕಾರಣ ಹೇಳಿದೆ. ಅವರು ತಲೆಯೆತ್ತಿ ಮರಗಳನ್ನು ನೋಡಿದರು. ಐರನ್‌ಬಾರ್ಕ್ ಎಂಬ ಗಟ್ಟಿ ತೊಗಟೆಯ ನೀಲಗಿರಿ ಜಾತಿಯ ಮರಗಳವು, ಪ್ರತಿ ವರ್ಷ ಹೂ ಬಿಡುವುದಿಲ್ಲ.

"ಈ ಸಲ ಮೊಗ್ಗು ಕಟ್ಟಿದೆ ನೋಡು. ಇಷ್ಟು ದಿನ ಸಕ್ಕರೆ ನೀರು ಕೊಟ್ಟು ಇವನ್ನು ಉಳಿಸಿದ್ದೇನೆ. ಈ ಹೂ ತಪ್ಪಿದ್ರೆ ಹೆಚ್ಚಿನ ಪೆಟ್ಟಿಗೆ ಖಾಲಿಯೇ. ಇನ್ನೊಮ್ಮೆ ಶುರು ಮಾಡ್ಲಿಕ್ಕೆ ನನಗೆ ಪ್ರಾಯ ಇಲ್ಲ. ನೀನಿದ್ದೀಯಲ್ಲ, ದಾರಿ ಸ್ವಲ್ಪ ಬಗ್ಗಿಸಿಬಿಡು."

ಬಗ್ಗಿಸುವುದು ಅಷ್ಟು ಸುಲಭವಲ್ಲ. ಕೊರೆಯುವ ಲಾರಿ ಉದ್ದ, ಗಕ್ಕನೆ ತಿರುಗುವುದಿಲ್ಲ. ಆದರೂ ಹಿಂದಿರುಗಿ ಬಂದು ತಲೆ ಕೆಡಿಸಿಕೊಂಡೆ. ಉತ್ತರದ ಕಡೆ ಯಾವಾಗಲೋ ಕಡಿದ ಜಾಗದಲ್ಲಿ ಬರೀ ಕುರುಚಲು ಬೆಳೆದಿತ್ತು. ಅಲ್ಲಿಂದ ಬಂದರೆ ದಾರಿ ತುಸು ಉದ್ದವಾಗುತ್ತಿತ್ತು, ದೊಡ್ಡ ಮರ ಒಂದೂ ಹೋಗುತ್ತಿರಲಿಲ್ಲ, ಜೇನಿಗೆ ತೊಂದರೆಯೂ ಇರಲಿಲ್ಲ. ಅಂಕಲ್ ಇರಲಿ ಬಿಡಲಿ, ಅದು ಒಳ್ಳೆಯ ಗೆರೆ. ಈಗಲೂ ಹಾಗೇ ಹೇಳುತ್ತೇನೆ.

ಅದನ್ನು ತೋರಿಸುವ ಮೊದಲು ಮ್ಯಾನೇಜರ್ ಹತ್ತಿರ ಹೋಗಿ, ಅಲ್ಲಿ ಜೇನು ಇಟ್ಟವರು ನನಗೆ ಪರಿಚಯದವರು ಎಂದು ಹೇಳಿದೆ. ಇಲ್ಲಿ ಹಾಗೆ ಹೇಳಲೇಬೇಕು. ಅವನು ತುಂಬ ಹೊಗಳಿದ, ಪ್ರಾಮಾಣಿಕತೆ ಅಂದರೆ ಇದು ಎಂದ. ಮರುದಿನ ಇಡೀ ಕೆಲಸವನ್ನು ಪರ್ತ್ ಆಫೀಸಿಗೆ ಕಳಿಸಿದ. ನನ್ನ ಉತ್ತರದ ಗೆರೆಯನ್ನೂ ಬದಿಗಿಟ್ಟ. ಪರಿಚಯದವರಿಗೆ ಅನುಕೂಲವಾಗುವ ಹಾಗೆ ಎಳೆದ ಗೆರೆಯನ್ನು ಇಲಾಖೆಗೆ ತೋರಿಸಲಾಗುವುದಿಲ್ಲವಂತೆ. ಯಾರು ಎಳೆದರೂ ಗೆರೆ ಸರಿಯಿದೆಯಲ್ಲ ಎಂದೆ. ಇರಬಹುದು ಎಂದ. ಪರ್ತ್‌ನವರು ತಾವಾಗಿಯೇ ಅದನ್ನು ಕಂಡುಕೊಂಡರೆ ಅಡ್ಡಿಯಿರಲಿಲ್ಲ. ಅವರು ಯಾಕೆ ಹುಡುಕುತ್ತಾರೆ? ನಕ್ಷೆಯಲ್ಲಿ ಹಳೆಯ ದಾರಿ ಇತ್ತು, ಮೊದಲ ನಿಯಮವೂ ಇತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಂಕಲ್‌ಗೆ ಒಳ್ಳೆಯದಾಗುತ್ತಿತ್ತು. ಆ ಸಂಜೆ ಪಾತ್ರೆ ತೊಳೆಯುತ್ತ ಎರಡು ಗಾಜಿನ ಲೋಟ ಒಡೆದೆ, ಒಂದು ಬೇಕೆಂದೇ.

ಕನ್ನಡ ಸಂಘದ ಊಟದಲ್ಲಿ ಅಂಕಲ್ ಸಿಕ್ಕಾಗ, "ನಾನು ಆ ಕೆಲಸದಲ್ಲಿ ಇಲ್ಲ ಅಂಕಲ್, ನನ್ನ ಕೈಲಿ ಏನೂ ಇಲ್ಲ" ಎಂದೆ.

ಅವರು ಆಚೀಚೆ ನೋಡಿ, ದನಿ ತಗ್ಗಿಸಿ ನಕ್ಕರು. "ಗೊತ್ತುಂಟು ಮಾರಾಯ್ತಿ. ಹೊರಗೆ ಹಾಗೇ ಹೇಳ್ಬೇಕು. ನಾನು ಯಾರ ಹತ್ರವೂ ಬಾಯಿ ಬಿಡುದಿಲ್ಲ."

"ನಿಜವಾಗ್ಲೂ ಇಲ್ಲ ಅಂಕಲ್."

"ಆಯ್ತು, ಆಯ್ತು," ಎಂದು ನನ್ನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದರು. ನಮ್ಮವರಿಗೆ ಇಲ್ಲ ಎಂದರೆ ಅದು ಗುಟ್ಟಾದ ಹೂಂ. ಎಷ್ಟು ಸಲ ಹೇಳಿದೆನೋ ಅಷ್ಟು ಅವರ ನಂಬಿಕೆ ಗಟ್ಟಿಯಾಯಿತು.

ಅಂಕಲ್ ಫೋನ್ ಮಾಡುವ ಹೊತ್ತಿಗೆ ಪೆಟ್ಟಿಗೆಗಳ ನಡುವೆಯೇ ದಾರಿಯ ಗುರುತಿಗೆ ಗೂಟ ಹೊಡೆದಾಗಿತ್ತು. ಮೊಗ್ಗುಗಳು ಅರಳುತ್ತಿದ್ದವು. ಇಲಾಖೆಯವರು ಹಳ್ಳದ ಆಚೆ ಬದಲಿ ಜಾಗ ಕೊಟ್ಟಿದ್ದರು. ಉಳಿದ ಜಾಗಗಳಲ್ಲೆಲ್ಲ ಬೇರೆಯವರ ಪೆಟ್ಟಿಗೆಗಳಿದ್ದವು. ಹಳ್ಳದ ಆಚೆ ಎಂದರೆ ಕೂಗಿದರೆ ಕೇಳುವಷ್ಟು ದೂರ. ಜೇನನ್ನು ಅಷ್ಟು ಹತ್ತಿರಕ್ಕೆ ಸಾಗಿಸಿದರೆ ಹೂವಿಗೆ ಹೋದ ಹುಳುಗಳು ಹೊಸ ಮನೆ ಬಿಟ್ಟು ಹಳೆಯ ಜಾಗಕ್ಕೇ ಮರಳುತ್ತವಂತೆ.

ರಜೆ ಹಾಕಿ ಸಹಾಯಕ್ಕೆ ಹೋದೆ. ಮುಸ್ಸಂಜೆಗೆ ಹುಳುಗಳು ಗೂಡು ಸೇರಿದ ಮೇಲೆ ಬಾಗಿಲು ಮುಚ್ಚಿ ಪೆಟ್ಟಿಗೆಗಳನ್ನು ಅವರ ಪಿಕಪ್ಪಿಗೆ ಏರಿಸಿದೆವು. ಅವರು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ನೀನು ಹಾಕಿದ ದಾರಿ ಅಂದ್ಮೇಲೆ ಬೇರೆ ಉಪಾಯ ಇರ್ಲಿಲ್ಲ ಅಂತ ನನಗೆ ಗೊತ್ತು. ಇದ್ದಿದ್ರೆ ನೀನು ಮಾಡ್ತಿದ್ದೆ," ಎಂದರು.

ಮರುದಿನ ಮಧ್ಯಾಹ್ನ ಹಳೆಯ ಜಾಗದಲ್ಲಿ ನೋಡಿದರೆ, ಗೂಟಗಳ ಮೇಲೆ ಹುಳುಗಳು ಮನೆ ಹುಡುಕುತ್ತ ಸುತ್ತುತ್ತಿದ್ದವು. ಲೆಕ್ಕವಿಲ್ಲದಷ್ಟು. ಅಂಕಲ್ ಖಾಲಿ ಪೆಟ್ಟಿಗೆಯೊಂದನ್ನು ತಂದು ಅಲ್ಲಿಟ್ಟರು, ದಾರಿ ತಪ್ಪಿದವು ಅದರೊಳಗಾದರೂ ಸೇರಲೆಂದು. ಆಚೆ ಬದಿಯಲ್ಲಿ ಮಣ್ಣು ಮಟ್ಟ ಮಾಡುವ ಯಂತ್ರ ಆಗಲೇ ಬಂದು ನಿಂತಿತ್ತು.

"ಇದೊಂದು ಪೆಟ್ಟಿಗೆ ನಾಲ್ಕು ದಿನ ಮುಟ್ಟಬೇಡಿ ಅಂತ ನಿಮ್ಮವರಿಗೆ ಹೇಳು. ಅಷ್ಟು ನಿನ್ನ ಕೈಲಿ ಉಂಟಲ್ಲ?"

"ಹೇಳ್ತೀನಿ ಅಂಕಲ್," ಎಂದೆ. ನಾನು ಹೇಳಿದರೆ ಕೇಳುವವರು ಯಾರೂ ಇರಲಿಲ್ಲ.